ಬೇಲಿಯಾಚೆಯ ಬೀಳ್ಕೊಡುಗೆ

ಮನುಷ್ಯನಿಗೆ ಇರಬಹುದಾದ ಹವ್ಯಾಸಗಳಲ್ಲಿ ಅತ್ಯಂತ ನಿರುಪಯುಕ್ತವಾದುದು ಯಾವುದೆಂದು ಯಾರಾದರೂ ಎರಡು ವರ್ಷಗಳ ಹಿಂದೆ ನನ್ನನ್ನು ಕೇಳಿದ್ದರೆ, ಯೋಚನೆಯೇ ಇಲ್ಲದೆ ಉತ್ತರ ಕೊಟ್ಟುಬಿಡುತ್ತಿದ್ದೆ: ವಿಮಾನ ನೋಡುವುದು. ಅಂಚೆಚೀಟಿ ಕೂಡಿಹಾಕುವವನ ಬಳಿ ಕೊನೆಗೆ ಚೀಟಿಯಾದರೂ ಉಳಿಯುತ್ತದೆ. ಕೆರೆಯ ದಂಡೆಯಲ್ಲಿ ಗಾಳ ಹಾಕಿ ಕೂತವನಿಗೆ ಒಮ್ಮೊಮ್ಮೆ ಮೀನು ಸಿಕ್ಕುವುದೂ ಉಂಟು. ತನ್ನದಲ್ಲದ ವಿಮಾನ, ತಾನು ಹತ್ತದ ವಿಮಾನ, ಗುರುತು ಪರಿಚಯವಿಲ್ಲದವರು ಕುಳಿತು ಹೋಗುವ ವಿಮಾನ. ಅದರ ನಂಬರನ್ನು ಬರೆದುಕೊಂಡು ಮನೆಗೆ ಬರುವವನಿಗೆ ದಕ್ಕಿದ್ದೇನು?

ಈ ಪ್ರಶ್ನೆಯನ್ನು ನಾನು ಕೇಳುತ್ತಿದ್ದುದು ಹೊರಗಿನವರನ್ನಲ್ಲ, ಹನ್ನೊಂದು ವರ್ಷದ ನನ್ನ ಮಗನನ್ನು. ಅವನು ಉತ್ತರ ಕೊಡುತ್ತಿರಲಿಲ್ಲ. ಮಧುಗಿರಿಯ ನಮ್ಮ ಬಾಡಿಗೆ ಮನೆಯ ತಾರಸಿಯ ಮೇಲೆ, ಏಕಶಿಲಾ ಬೆಟ್ಟಕ್ಕೆ ಬೆನ್ನುಮಾಡಿ ನಿಂತು, ಬೆಂಗಳೂರಿನ ಕಡೆಯ ಆಕಾಶವನ್ನು ನೋಡುತ್ತಿದ್ದ. ನನಗೆ ಕಾಣುತ್ತಿದ್ದುದು ಒಂದು ಬೆಳ್ಳಿಯ ಚುಕ್ಕೆ. ಅವನಾದರೋ ಫೋನನ್ನು ಒಮ್ಮೆ ನೋಡಿ, ಆಕಾಶವನ್ನು ಒಮ್ಮೆ ನೋಡಿ, ಆ ಚುಕ್ಕೆ ಎಲ್ಲಿಂದ ಹೊರಟಿತು, ಎಲ್ಲಿಗೆ ಹೊರಟಿದೆ, ಎಷ್ಟು ಎತ್ತರದಲ್ಲಿದೆ ಎಂಬುದನ್ನೆಲ್ಲ ಹೇಳಿಬಿಡುತ್ತಿದ್ದ. ಮಂತ್ರವೇನೂ ಅಲ್ಲ. ಹಾರುವ ವಿಮಾನ ತಾನಿರುವ ಜಾಗವನ್ನು ರೇಡಿಯೋ ಅಲೆಗಳಲ್ಲಿ ಸಾರುತ್ತ ಹೋಗುತ್ತದೆ. ನೆಲದ ಮೇಲೆ ಅಲ್ಲಲ್ಲಿ ಇಟ್ಟಿರುವ ಸಣ್ಣ ಗ್ರಾಹಕ ಯಂತ್ರಗಳು ಅದನ್ನು ಕೇಳಿಸಿಕೊಳ್ಳುತ್ತವೆ. ಫ್ಲೈಟ್‌ರಾಡಾರ್24 ಮೊದಲಾದವು ಅದನ್ನೇ ನಕ್ಷೆಯ ಮೇಲೆ ಚುಕ್ಕೆಯಾಗಿ ತೋರಿಸುತ್ತವೆ.

ಅವನಲ್ಲಿ ಒಂದು ಉದ್ದನೆಯ ನೋಟುಪುಸ್ತಕವಿತ್ತು. ಅದಕ್ಕೆ ಗೆರೆ ಹಾಕಿಕೊಟ್ಟವರು ನಮ್ಮ ತಂದೆ. ನಿಡುಗಲ್ಲು ದುರ್ಗದ ಅಡಿಯ ಊರಿನಲ್ಲಿ ಹುಟ್ಟಿ, ಪಾವಗಡ, ಮಧುಗಿರಿ ತಾಲ್ಲೂಕುಗಳ ಶಾಲೆಗಳಲ್ಲಿ ಮೂವತ್ತೈದು ವರ್ಷ ಪಾಠ ಹೇಳಿ, ಹೆಡ್‌ಮಾಸ್ತರಾಗಿ ನಿವೃತ್ತರಾದವರು ಅವರು. ತಾರೀಖು, ವೇಳೆ, ನಂಬರು, ಮಾದರಿ, ಸಂಸ್ಥೆ ಎಂದು ಐದು ಅಂಕಣ ಹಾಕಿ, ಕೊನೆಯಲ್ಲಿ ಅಗಲವಾಗಿ ‘ಷರಾ’ ಎಂದು ಆರನೆಯದನ್ನೂ ಎಳೆದಿದ್ದರು. “ಷರಾ ಇಲ್ಲದ ರಿಜಿಸ್ಟರು ರಿಜಿಸ್ಟರೇ ಅಲ್ಲ” ಎಂಬುದು ಅವರ ಸಿದ್ಧಾಂತ. ಹುಡುಗ ಆ ಅಂಕಣದಲ್ಲಿ ‘ಚೆನ್ನಾಗಿತ್ತು’, ‘ಬಹಳ ಚೆನ್ನಾಗಿತ್ತು’ ಎಂಬ ಎರಡೇ ಮಾತುಗಳನ್ನು ಬರೆಯುತ್ತಿದ್ದ.

ವಿಮಾನದ ನಂಬರಿಗೂ ಒಂದು ವ್ಯಾಕರಣವಿದೆಯೆಂದು ನಾನು ಕಲಿತದ್ದು ಈ ಪುಸ್ತಕದಿಂದಲೇ. ಮಧುಗಿರಿಯ ಮೋಟಾರುಗಳಿಗೆಲ್ಲ ‘ಕೆಎ 64’ ಇರುವಂತೆ, ಭಾರತದ ವಿಮಾನಗಳಿಗೆಲ್ಲ ‘ವಿಟಿ’. ಈ ಅಕ್ಷರಗಳು ಬ್ರಿಟಿಷರ ಕಾಲದಲ್ಲಿ ಅಂಟಿಕೊಂಡವು, ಇನ್ನೂ ಬಿಟ್ಟಿಲ್ಲ. ‘ಡಿ’ ಎಂದರೆ ಜರ್ಮನಿ, ‘ಜಿ’ ಎಂದರೆ ಬ್ರಿಟನ್, ‘ಎನ್’ ಎಂದರೆ ಅಮೆರಿಕ, ‘ಎ6’ ಎಂದರೆ ದುಬೈ, ಅಬುಧಾಬಿಗಳ ಕಡೆಯದು. ವಿಭಕ್ತಿ ಪ್ರತ್ಯಯಗಳನ್ನು ಎಷ್ಟು ಸಲ ಹೇಳಿದರೂ ಮರೆಯುವ ಹುಡುಗ ಇವನ್ನು ಒಮ್ಮೆಯೂ ತಪ್ಪುತ್ತಿರಲಿಲ್ಲ. ಕನ್ನಡ ಎಂ.ಎ. ಮಾಡಿದ ತಂದೆಗೆ ಇದಕ್ಕಿಂತ ಹೆಚ್ಚಿನ ಅವಮಾನ ಬೇಕೆ?

ಈ ಹುಚ್ಚು ನಮ್ಮ ಮನೆಯೊಂದರದೇ ಅಲ್ಲವೆಂಬುದು ನನಗೆ ನಿಧಾನವಾಗಿ ತಿಳಿಯಿತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಜನ, ಬರುತ್ತಿರುವುದು ತಮ್ಮದೋ ಶತ್ರುವಿನದೋ ಎಂದು ತಿಳಿಯಲು ವಿಮಾನದ ಆಕಾರವನ್ನು ಅಭ್ಯಾಸ ಮಾಡಬೇಕಾಯಿತು. 1941ರಲ್ಲಿ ಅದಕ್ಕೆಂದೇ ಅಲ್ಲಿ ಒಂದು ಪತ್ರಿಕೆ ಹೊರಟಿತು. ಯುದ್ಧ ಮುಗಿದರೂ ಅಭ್ಯಾಸ ಮುಗಿಯಲಿಲ್ಲ. ಟೋಕಿಯೋದ ಹನೇಡಾ ನಿಲ್ದಾಣದಲ್ಲಿ ವಿಮಾನ ನೋಡುವವರಿಗಾಗಿ ಮಾಳಿಗೆಯ ಮೇಲೆ ವಿಶಾಲವಾದ ಅಂಗಳಗಳನ್ನೇ ಕಟ್ಟಿಸಿದ್ದಾರೆ. ಹೀಗೆ ಆದರಿಸುವವರಿರುವಂತೆ ಅನುಮಾನಿಸುವವರೂ ಇದ್ದಾರೆ. 2001ರಲ್ಲಿ ಗ್ರೀಸಿಗೆ ವಿಮಾನ ಪ್ರದರ್ಶನ ನೋಡಲು ಹೋದ ಹನ್ನೆರಡು ಮಂದಿ ಬ್ರಿಟಿಷರೂ ಇಬ್ಬರು ಡಚ್ಚರೂ ಗೂಢಚಾರರೆಂಬ ಆಪಾದನೆಗೆ ಸಿಕ್ಕಿ, ಸೆರೆಮನೆ ಕಂಡು, ಶಿಕ್ಷೆಗೂ ಒಳಗಾದರು. 2002ರಲ್ಲಿ ಮೇಲಿನ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ನಮ್ಮಲ್ಲಿಯೂ 1937ರ ವಿಮಾನ ನಿಯಮಗಳು ಸರ್ಕಾರೀ ನಿಲ್ದಾಣಗಳಲ್ಲಿ ಲಿಖಿತ ಅನುಮತಿಯಿಲ್ಲದೆ ಛಾಯಾಚಿತ್ರ ತೆಗೆಯಕೂಡದೆಂದು ವಿಧಿಸಿದ್ದವು. ಇದನ್ನೆಲ್ಲ ಓದಿದ ಮೇಲೆ ಮಗನನ್ನು ದೇವನಹಳ್ಳಿಗೆ ಕರೆದುಕೊಂಡು ಹೋಗುವಾಗ ನಾನು ಕಾಲೇಜಿನ ಗುರುತಿನ ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆ.

ಹೌದು, ಕರೆದುಕೊಂಡು ಹೋಗುತ್ತಿದ್ದೆ. ಮಕ್ಕಳ ಹುಚ್ಚು ಮೊದಲು ಮಕ್ಕಳದ್ದು, ಆಮೇಲೆ ಅಪ್ಪಂದಿರದ್ದು. ಗೌರಿಬಿದನೂರು, ದೊಡ್ಡಬಳ್ಳಾಪುರಗಳ ಮೇಲೆ ಎರಡು ಗಂಟೆಗೂ ಹೆಚ್ಚಿನ ದಾರಿ. ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ 2008ರ ಮೇ 24ರಂದು ತೆರೆಯಿತು. ಅಲ್ಲಿಯವರೆಗೆ ನಾಗರಿಕ ವಿಮಾನಗಳೆಲ್ಲ ಬೆಂಗಳೂರಿನೊಳಗಿನ ಎಚ್.ಎ.ಎಲ್. ನಿಲ್ದಾಣದಲ್ಲಿಯೇ ಇಳಿಯುತ್ತಿದ್ದುವು. 2019ರ ಡಿಸೆಂಬರಿನಲ್ಲಿ ಇಲ್ಲಿ ಎರಡನೆಯ ರನ್‌ವೇ ಬಳಕೆಗೆ ಬಂತು. ಒಂದೊಂದೂ ನಾಲ್ಕು ಸಾವಿರ ಮೀಟರು ಉದ್ದ. 2024-25ನೆಯ ಸಾಲಿನಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜನ ಇಲ್ಲಿಂದ ಹೋಗಿಬಂದರಂತೆ. ನಮ್ಮ ರಾಜ್ಯದ ಜನಸಂಖ್ಯೆಯ ಅರ್ಧಕ್ಕಿಂತ ಅದು ಹೆಚ್ಚು.

ಎಲ್ಲಿ ನಿಲ್ಲಬೇಕೆಂಬುದನ್ನು ನಿರ್ಧರಿಸುವವನು ನೋಡುವವನಲ್ಲ, ವಾಯುದೇವ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಇಲ್ಲಿಯ ರನ್‌ವೇಗಳು ಪೂರ್ವ ಪಶ್ಚಿಮವಾಗಿ ಮಲಗಿವೆ. ಅವುಗಳ ತುದಿಯಲ್ಲಿ ಬರೆದಿರುವ 09, 27 ಎಂಬ ಅಂಕಿಗಳು ದಿಕ್ಸೂಚಿಯ ತೊಂಬತ್ತು, ಇನ್ನೂರ ಎಪ್ಪತ್ತು ಅಂಶಗಳನ್ನು ಹೇಳುತ್ತವೆ. ಮುಂಗಾರಿನಲ್ಲಿ ಪಶ್ಚಿಮದ ಗಾಳಿ ಬೀಸಿದಾಗ ವಿಮಾನಗಳು ಪಶ್ಚಿಮಕ್ಕೆ ಏರುತ್ತವೆ. ಚಳಿಗಾಲದಲ್ಲಿ ಮೂಡಣ ಗಾಳಿ ಬೀಸಿದಾಗ ಪೂರ್ವಕ್ಕೆ. ಇನ್ನು ಸೂರ್ಯ ನಮ್ಮ ಬೆನ್ನಿಗಿದ್ದರೆ ಚಿತ್ರದಲ್ಲಿ ವಿಮಾನ ಬೆಳಗುತ್ತದೆ, ಎದುರಿಗಿದ್ದರೆ ಕರಿಯ ಕಾಗೆಯಾಗುತ್ತದೆ. ಆದುದರಿಂದ ರನ್‌ವೇಗೆ ದಕ್ಷಿಣದಲ್ಲಿ ನಿಲ್ಲುವುದು ಲೇಸು. ಕ್ಯಾಮೆರಾದ ಕಣ್ಣು ಜೆಟ್ ವಿಮಾನಕ್ಕೆ ಸೆಕೆಂಡಿನ ಸಾವಿರದಲ್ಲೊಂದು ಭಾಗ ತೆರೆದರೆ ಸಾಕು. ಹತ್ತಿರದ ಊರುಗಳಿಗೆ ಹೋಗುವ ಫ್ಯಾನಿನ ವಿಮಾನಗಳಿಗೆ ಹಾಗೆ ಮಾಡಿದರೆ ಫ್ಯಾನು ನಿಂತುಹೋದಂತೆ ಕಾಣುತ್ತದೆ. ಅದಕ್ಕೆ ಇನ್ನೂರರಲ್ಲೊಂದು ಭಾಗದಷ್ಟು ಸಾವಧಾನ ಬೇಕು. ಹೊತ್ತು ಏರಿದ ಮೇಲೆ ನೆಲದ ಝಳ ಎದ್ದು ಎಲ್ಲವೂ ನೀರಿನಲ್ಲಿ ಕಂಡಂತೆ ಅಲುಗುತ್ತದೆ. 2022ರ ಅಕ್ಟೋಬರಿನಿಂದ ದುಬೈನಿಂದ ಬರತೊಡಗಿದ ಎರಡಂತಸ್ತಿನ ಎ380 ವಿಮಾನದ ಚಿತ್ರ ನಮ್ಮಲ್ಲಿಲ್ಲ. ಆ ಮಹಾರಾಯ ನಡುರಾತ್ರಿ ಕಳೆದ ಮೇಲೆ ಬಂದು ಬೆಳಕು ಹರಿಯುವ ಮುನ್ನವೇ ಹೊರಟುಬಿಡುವ ಸಂಪ್ರದಾಯ ಇಟ್ಟುಕೊಂಡಿದ್ದ.

ಇಷ್ಟು ವಿದ್ಯೆ ಸಂಪಾದಿಸಿದ ಮೇಲೂ ನನ್ನ ಮೂಲ ಪ್ರಶ್ನೆ ಹಾಗೆಯೇ ಉಳಿದಿತ್ತು: ಇದರಿಂದ ದಕ್ಕುವುದೇನು? ಉತ್ತರ ಸಿಕ್ಕಿದ್ದು ಕಳೆದ ಜನವರಿಯಲ್ಲಿ.

ನನ್ನ ತಂಗಿ ದಾದಿಯ ವಿದ್ಯೆ ಕಲಿತವಳು. ಓದಿಸಿದವರು ತಂದೆಯವರೇ, ಬಂಧುಗಳು ಬೇಡವೆಂದಾಗ ಅವರೊಡನೆ ಜಗಳವಾಡಿ ಓದಿಸಿದರು. ಆರು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿದ ಮೇಲೆ ಅವಳಿಗೆ ದುಬೈನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅದೇ ವೇಳೆಗೆ ತಂದೆಯವರು ಶಿರಾದ ಕಡೆಯ ಒಂದು ಸಂಬಂಧವನ್ನು ಬಹುಮಟ್ಟಿಗೆ ಗೊತ್ತುಮಾಡಿದ್ದರು. ತಂಗಿ ಎರಡು ವರ್ಷ ಬಿಟ್ಟು ನೋಡೋಣವೆಂದಳು. ತಂದೆಯವರು ಒಂದೇ ಮಾತು ಹೇಳಿದರು: “ಹೋಗುವುದಾದರೆ ನನ್ನನ್ನು ಕೇಳಬೇಡ.” ಅವಳು ಕೇಳಲಿಲ್ಲ. ಅಕ್ಟೋಬರಿನಿಂದ ಜನವರಿಯವರೆಗೆ ಅವರಿಬ್ಬರ ನಡುವೆ ಮಾತಿರಲಿಲ್ಲ. ಅವಳು ರಜದಲ್ಲಿ ಮನೆಗೆ ಬಂದಾಗಲೂ, ಎದುರಿಗೇ ಕುಳಿತಿದ್ದವಳಿಗೆ ಕೇಳಿಸುವಂತೆ, “ಅವಳನ್ನು ಊಟಕ್ಕೆ ಬರಹೇಳು” ಎಂದು ಅಮ್ಮನಿಗೆ ಹೇಳುತ್ತಿದ್ದರು.

ಹೊರಡುವ ದಿನ ಹತ್ತಿರವಾಯಿತು. ತಂದೆಯವರು ನಿಲ್ದಾಣಕ್ಕೆ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಹಿಂದಿನ ರಾತ್ರಿ ಅವರು ಮೊಮ್ಮಗನ ನೋಟುಪುಸ್ತಕ ತಿರುವುತ್ತ, “ಹುಡುಗ ಹೇಗೂ ವಿಮಾನ ನೋಡಲು ಹೋಗುತ್ತಾನಲ್ಲ. ಆ ಬಯಲಿನಲ್ಲಿ ಅವನನ್ನು ನೋಡಿಕೊಳ್ಳುವವರು ಯಾರು? ನಾನೂ ಬರುತ್ತೇನೆ” ಎಂದರು. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಒಲೆಯ ಕಡೆ ತಿರುಗಿದಳು.

ಹುಡುಗ ಮಾತ್ರ ತನ್ನ ಕೆಲಸದಲ್ಲಿದ್ದ. “ಅತ್ತೆ, ಈಗ ಮೂಡಣ ಗಾಳಿ. ವಿಮಾನ ಪೂರ್ವಕ್ಕೇ ಏರುತ್ತೆ. ನಾವು ದಕ್ಷಿಣಕ್ಕೆ ನಿಂತಿರ್ತೀವಿ. ನೀನು ಬಲಗಡೆ ಕಿಟಕಿ ಕೇಳು, ರೆಕ್ಕೆಗಿಂತ ಮುಂದೆ” ಎಂದು ಎರಡು ದಿನ ಮೊದಲೇ ಕಟ್ಟಪ್ಪಣೆ ಮಾಡಿದ್ದ.

ನನ್ನಾಕೆ ಕೂಸಿನೊಡನೆ ಮನೆಯಲ್ಲಿ ಉಳಿದಳು. ನಾವು ಐವರು ನಾಲ್ಕು ಗಂಟೆಯ ಕತ್ತಲಲ್ಲಿ ಹೊರಟೆವು. ದೊಡ್ಡಬಳ್ಳಾಪುರ ದಾಟುವಷ್ಟರಲ್ಲಿ ಮಂಜು ಹಾಲು ಚೆಲ್ಲಿದಂತೆ ಕವಿದುಕೊಂಡಿತು. ಏಳರ ಸುಮಾರಿಗೆ ನಿಲ್ದಾಣದ ಬಾಗಿಲು ಸೇರಿದೆವು. ಪೆಟ್ಟಿಗೆಗಳನ್ನು ಇಳಿಸಿದೆ. ಅಮ್ಮ ಕಣ್ಣೊರಸಿಕೊಂಡು ಚಕ್ಕುಲಿಯ ಡಬ್ಬವನ್ನು ಮತ್ತೊಮ್ಮೆ ಒಳಕ್ಕೆ ಒತ್ತಿದಳು. ತಂದೆಯವರು ಕಾರಿನಿಂದ ಇಳಿಯಲಿಲ್ಲ. ತಂಗಿ ಕಿಟಕಿಯ ಬಳಿ ಬಂದು ಬಾಗಿ, “ಹೋಗಿಬರ್ತೀನಪ್ಪ” ಎಂದಳು. ಅವರು ಕೈಗಡಿಯಾರವನ್ನು ನೋಡಿಕೊಂಡು, “ಹೊತ್ತಾಯಿತು” ಎಂದರು. ಅಷ್ಟೆ. ಬಾಗಿಲಲ್ಲಿದ್ದ ಕಾವಲಿನವರು ಟಿಕೆಟು ನೋಡಿ ಅವಳನ್ನು ಒಳಗೆ ಬಿಟ್ಟರು. ಗಾಜಿನ ಹಿಂದೆ ಒಂದು ಕ್ಷಣ ಕಂಡಳು, ಆಮೇಲೆ ಜನರಲ್ಲಿ ಜನವಾಗಿ ಹೋದಳು.

ನನಗೆ ಆಗ ತೋರಿದ್ದಿಷ್ಟು. ನಮ್ಮ ಹಿರಿಯರು ಊರು ಬಿಡುವವರನ್ನು ಕೆರೆಯ ಏರಿಯವರೆಗೂ ಕಳುಹಿಸಿಬರುತ್ತಿದ್ದರು. ಶಾಕುಂತಲದಲ್ಲಿ ಕಣ್ವರೂ ಮಗಳ ಜೊತೆ ನೀರಿನ ದಂಡೆಯವರೆಗೆ ನಡೆಯುತ್ತಾರೆ. ಬಸ್ಸು ಹೊರಟರೆ ನಾಲ್ಕು ಹೆಜ್ಜೆ ಓಡಬಹುದು. ರೈಲು ಹೊರಟರೆ ಕಿಟಕಿಯ ಸರಳು ಹಿಡಿದು ಪ್ಲಾಟ್‌ಫಾರಂ ಮುಗಿಯುವವರೆಗೂ ಮಾತನಾಡಬಹುದು. ವಿಮಾನ ನಿಲ್ದಾಣ ಮಾತ್ರ ಹೊರಡುವುದನ್ನು ಕಾಣಗೊಡುವುದಿಲ್ಲ. ಮೂರು ಗಂಟೆ ಮೊದಲೇ ಗಾಜಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಹೋದವರು ಹೋದರೋ ಒಳಗೇ ಕೂತಿದ್ದಾರೋ ತಿಳಿಯದೆ ಹೊರಗಿನವರು ಕಾಫಿ ಕುಡಿದು ಮನೆಗೆ ಬರಬೇಕು.

ಪೂರ್ವದ ತುದಿಯ ಆಚೆ, ಬೇಲಿಯಿಂದ ಸಾಕಷ್ಟು ದೂರದಲ್ಲಿ, ಹಳ್ಳಿಯ ದಾರಿಯ ಪಕ್ಕ ನಾವು ಯಾವಾಗಲೂ ನಿಲ್ಲುವ ಹೊಲವೊಂದಿದೆ. ಕೊಯ್ಲಾಗಿ ರಾಗಿಯ ಮೆದೆ ನಿಂತಿತ್ತು. ಹೊಲದ ಯಜಮಾನ ಹಸುಗಳನ್ನು ಕಟ್ಟುತ್ತಿದ್ದ. ಮಂಜಿನಿಂದಾಗಿ ಒಂದು ವಿಮಾನವೂ ಹಾರುತ್ತಿರಲಿಲ್ಲ. “ಮೊದಮೊದಲು ಸದ್ದಿಗೆ ಹಸುಗಳು ಬೆದರುತ್ತಿದ್ದವು ಸ್ವಾಮಿ. ಈಗ ಸದ್ದು ನಿಂತರೇ ತಲೆ ಎತ್ತಿ ನೋಡ್ತವೆ” ಎಂದ. ನಿಜವಾಗಿಯೂ ಅವು ತಲೆಯೆತ್ತಿಕೊಂಡಿದ್ದವು. ಅಮ್ಮ ಕಾರಿನಲ್ಲಿ ಕುಳಿತು ಏನೋ ಸ್ತೋತ್ರ ಹೇಳಿಕೊಳ್ಳುತ್ತಿದ್ದಳು. ತಂದೆಯವರು ಹೊಲದ ಬದುವಿನ ಮೇಲೆ ಶತಪಥ ತಿರುಗುತ್ತಿದ್ದರು.

ಒಂಬತ್ತರ ಮೇಲೆ ಮಂಜು ತೆಳುವಾಯಿತು. ಅಷ್ಟರಲ್ಲಿ ಬೈಕಿನ ಮೇಲೆ ಒಬ್ಬ ಪೊಲೀಸಿನವರು ಬಂದರು. ನನ್ನ ಕೊರಳಿನ ಕ್ಯಾಮೆರಾವನ್ನೂ ಅದರ ಉದ್ದನೆಯ ಮೂತಿಯನ್ನೂ ನೋಡಿ, “ಏನ್ ಸ್ವಾಮಿ, ಇಲ್ಲೇನು ಮಾಡ್ತಿದ್ದೀರಿ?” ಎಂದರು. ಅವರ ಕರ್ತವ್ಯ ಅದು. ನಾನು ಗುರುತಿನ ಚೀಟಿ ತೆಗೆದು, ಹವ್ಯಾಸ, ಜಪಾನು, ಇಂಗ್ಲೆಂಡು ಎಂದು ತರಗತಿಯ ಧಾಟಿಯಲ್ಲಿ ಆರಂಭಿಸಿದೆ. ಮಾತು ಹೆಚ್ಚಿದಷ್ಟೂ ಅವರ ಅನುಮಾನ ಹೆಚ್ಚುತ್ತಿತ್ತು. ಆಗ ಬದುವಿನಿಂದ ತಂದೆಯವರು ಇಳಿದು ಬಂದರು.

“ನನ್ನ ಮಗಳು ದುಬೈಗೆ ಹೋಗ್ತಿದ್ದಾಳೆ ಕಣಪ್ಪ. ನಮ್ಮನ್ನ ಬಾಗಿಲಲ್ಲೇ ನಿಲ್ಲಿಸಿಬಿಟ್ರು. ಇಲ್ಲಿಂದಲಾದರೂ ಕಾಣ್ತಾಳೇನೋ ಅಂತ ಬಂದ್ವಿ.”

ಬಾಗಿಲಲ್ಲಿ ಕಾರಿನಿಂದ ಇಳಿಯದವರು ಯಾರೆಂಬುದನ್ನು ನಾನು ಹೇಳಲಿಲ್ಲ, ಅಮ್ಮನೂ ಹೇಳಲಿಲ್ಲ. ಪೊಲೀಸಿನವರು ಅವರನ್ನೊಮ್ಮೆ ನೋಡಿ, “ಬೇಲಿ ಹತ್ತಿರ ಹೋಗಬೇಡಿ ಯಜಮಾನ್ರೆ. ಹೋದ ಮೇಲೆ ಹೊರಟುಬಿಡಿ” ಎಂದರು. ಬೈಕು ತಿರುಗಿಸುವಾಗ ತಾವೂ ಒಮ್ಮೆ ಆಕಾಶ ನೋಡಿ, “ಇನ್ನೇನು ಬಿಸಿಲು ಬಂತು” ಎಂದು ಹೋದರು.

ಅಂದು ವಿಮಾನಗಳೆಲ್ಲ ತಡ. ಒಂದೊಂದು ಏರಿದಾಗಲೂ ತಂದೆಯವರು, “ಇದೇನೋ?” ಎನ್ನುವರು. “ಅಲ್ಲ ತಾತ, ಇದು ದಿಲ್ಲಿಯದು,” “ಅಲ್ಲ ತಾತ, ಇದು ಎ320, ಸಣ್ಣದು” ಎಂದು ಹುಡುಗ ಹೇಳುವನು. ಹಾಗೆ ಕಾಯುತ್ತ ಅವರು ಮೂವತ್ತೈದು ವರ್ಷದ ಮೇಷ್ಟರಿಕೆಯನ್ನು ಮರೆತು ಅವನ ಶಿಷ್ಯರಾದರು. ಬೋಯಿಂಗ್ 777ಕ್ಕೆ ಹದಿನಾಲ್ಕು ಚಕ್ರ. ಅದರ ಒಂದೊಂದು ಎಂಜಿನ್ನಿನ ಬಾಯಿ ಹತ್ತು ಅಡಿಗೂ ಅಗಲ. ಪೂರ್ತಿ ತುಂಬಿದಾಗ ತೂಕ ಮುನ್ನೂರ ಐವತ್ತು ಟನ್ನು. “ಅಷ್ಟು ಭಾರ ಏಳುತ್ತದೆಯೇ?” ಎಂದು ತಂದೆಯವರು ಕೇಳಿದರು. “ದಿನಾ ಏಳುತ್ತೆ ತಾತ” ಎಂದ ಹುಡುಗ.

ಹನ್ನೊಂದೂವರೆ ದಾಟಿತ್ತು. “ಬಂತು, ನಮ್ಮದು!” ಎಂದು ಹುಡುಗ ಕೂಗಿದ. ದೂರದಲ್ಲಿ ಝಳದ ನೀರಿನೊಳಗಿಂದ ಬೃಹದಾಕಾರವೊಂದು ಅಲುಗುತ್ತ ಬೆಳೆಯಿತು. ಮೊದಲು ಮೂತಿ ಎದ್ದಿತು, ಆಮೇಲೆ ನೆಲ ಬಿಟ್ಟಿತು. ನಾನು ಕ್ಯಾಮೆರಾ ಕಣ್ಣಿಗೆ ಹಚ್ಚಿ ಒತ್ತುತ್ತ ಹೋದೆ. ಸದ್ದು ಎದೆಯ ಮೇಲೆ ಹಾದುಹೋಯಿತು. ಕ್ಯಾಮೆರಾ ಇಳಿಸಿ ನೋಡಿದರೆ, ತಂದೆಯವರು ರಾಗಿಯ ಮೆದೆಯ ಪಕ್ಕದಲ್ಲಿ ನಿಂತು, ಹೆಗಲ ಮೇಲಿನ ಬಿಳಿಯ ಟವಲನ್ನು ಎರಡು ಕೈಯಲ್ಲೂ ಹಿಡಿದು, ತಲೆಯ ಮೇಲೆ ಬೀಸುತ್ತಿದ್ದರು. ವಿಮಾನ ಚುಕ್ಕೆಯಾದ ಮೇಲೂ ಬೀಸುತ್ತಿದ್ದರು.

ನಾನು ತೆಗೆದ ಇಪ್ಪತ್ತೆರಡು ಚಿತ್ರಗಳಲ್ಲಿ ಒಂದೂ ಸರಿಯಾಗಿರಲಿಲ್ಲ. ಕೈ ನಡುಗಿ ಕೆಲವದರ ಬಾಲ ಹೋಗಿತ್ತು, ಉಳಿದವು ಝಳದಲ್ಲಿ ಕಲಸಿಹೋಗಿದ್ದವು. ಮಗ ಫೋನಿನಲ್ಲಿ ತೆಗೆದ ಒಂದು ಚಿತ್ರ ಉಳಿಯಿತು. ಅದರಲ್ಲಿ ವಿಮಾನ ಅರ್ಧ. ಟವಲು ಹಿಡಿದ ಎರಡು ಕೈಗಳು ಪೂರ್ತಿ. ಚಿತ್ರವಿದ್ಯೆಯ ಯಾವ ಪರೀಕ್ಷೆಯಲ್ಲಿಯೂ ಅದು ಪಾಸಾಗದು. ನಮ್ಮ ಮನೆಯ ನಡುಮನೆಯಲ್ಲಿ ಈಗ ಅದಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದೇವೆ.

ಮಧುಗಿರಿಗೆ ಮರಳುವ ದಾರಿಯುದ್ದಕ್ಕೂ ತಂದೆಯವರು ಮೊಮ್ಮಗನ ಪಕ್ಕದಲ್ಲಿ ಕುಳಿತು ಫೋನಿನ ನಕ್ಷೆಯನ್ನು ನೋಡಿದರು. ಚುಕ್ಕೆ ಕಡಲಿನ ಮೇಲೆ ಹೋಗುತ್ತಿತ್ತು. ಸಂಜೆ ತಂಗಿಯ ಸಂದೇಶ ಬಂತು: “ಸುಖವಾಗಿ ತಲುಪಿದೆ. ಹೊಲದಲ್ಲಿ ಏನೋ ಬಿಳಿಯದು ಕಂಡಂತಾಯಿತು. ಯಾರದು ಅಣ್ಣ?” ಆ ವೇಗದಲ್ಲಿ ನಿಜವಾಗಿಯೂ ಕಂಡಿತೇ ಎಂದು ನಾನು ವಿಚಾರಿಸಲಿಲ್ಲ. ಮಗ ತೆಗೆದ ಚಿತ್ರವನ್ನು ಕಳುಹಿಸಿದೆ. ಬಹಳ ಹೊತ್ತು ಉತ್ತರ ಬರಲಿಲ್ಲ. ಆಮೇಲೆ ಬಂದ ಕರೆ ನನಗಲ್ಲ, ತಂದೆಯವರಿಗೆ. ಅವರು ಫೋನು ತೆಗೆದುಕೊಂಡು ತಾರಸಿಗೆ ಹೋದರು.

ಆ ರಾತ್ರಿ ನೋಟುಪುಸ್ತಕ ತೆಗೆದು ನೋಡಿದೆ. ಐದು ಅಂಕಣಗಳು ಹುಡುಗನ ಬರಹದಲ್ಲಿದ್ದವು. ಆರನೆಯದರಲ್ಲಿ ಹೆಡ್‌ಮಾಸ್ತರರ ದುಂಡಾದ ಅಕ್ಷರ: “ಮಗಳು ಹೊರಟಳು. ಮೂಡಣ ಗಾಳಿ. ಏರಿದ್ದು ಚೆನ್ನಾಗಿತ್ತು.”

ಈಗ ಯಾರಾದರೂ ನನ್ನನ್ನು ನಿರುಪಯುಕ್ತ ಹವ್ಯಾಸ ಯಾವುದೆಂದು ಕೇಳಿದರೆ ಬೇರೆ ಯಾವುದನ್ನಾದರೂ ಹುಡುಕಬೇಕು. ಬೇಲಿಯಾಚೆ ನಿಂತು ನಂಬರು ಬರೆದುಕೊಳ್ಳುವ ಹುಚ್ಚರನ್ನು ಕಂಡರೆ ವಾಚಕರು ನಗದಿರಲಿ. ಏರಿಹೋಗುವ ಪ್ರತಿಯೊಂದು ವಿಮಾನದಲ್ಲಿಯೂ ಯಾರಾದರೊಬ್ಬರ ಮಗಳು ಬಲಗಡೆಯ ಕಿಟಕಿಯಲ್ಲಿ ಕುಳಿತಿರಬಹುದು.

ತಂಗಿ ರಜದ ಮೇಲೆ ಬರುವ ದಿನ ಗೊತ್ತಾಗಿದೆ. ಮೊನ್ನೆ ತಂದೆಯವರು ಮೊಮ್ಮಗನನ್ನು ಗುಟ್ಟಾಗಿ ಕೇಳುತ್ತಿದ್ದರು: “ಇಳಿಯುವಾಗ ನಾವು ಎಲ್ಲಿ ನಿಲ್ಲಬೇಕೋ? ಗಾಳಿ ಯಾವ ಕಡೆಯದು?”

ಹುಡುಗ ತಲೆಯೆತ್ತದೆ ಹೇಳಿದ: “ಬರುವಾಗ ಗಾಳಿ ನೋಡಬೇಕಾಗಿಲ್ಲ ತಾತ. ಬಾಗಿಲಲ್ಲೇ ನಿಂತ್ಕೋ. ಅವರೇ ಹೊರಗೆ ಬರ್ತಾರೆ.”